ಕೆಪಾಸಿಟರಿಗೆ ಇಟ್ಟ ಬೊಟ್ಟು

ಓಡದ ಯಂತ್ರಕ್ಕೆ ಬೊಟ್ಟಿಲ್ಲ. ಚೆನ್ನೈಯ ತ್ರಿಪ್ಲಿಕೇನಿನ ನಮ್ಮ ಮೆಸ್ಸಿನಲ್ಲಿ ಆಯುಧಪೂಜೆಗೆ ಅಪ್ಪಯ್ಯ ಮಾಡಿಟ್ಟಿದ್ದ ಕಾನೂನು ಇದೊಂದೇ. ಪೂಜೆಯ ಹಿಂದಿನ ಮಧ್ಯಾಹ್ನ, ಊಟದ ಗಿರಾಕಿಗಳೆಲ್ಲ ಕೈತೊಳೆದು ಹೋದ ಮೇಲೆ, ಅವರು ಅಡುಗೆಮನೆಯಲ್ಲಿ ಒಂದು ಸುತ್ತು ಬರುತ್ತಿದ್ದರು. ಗ್ರೈಂಡರ್, ಮಿಕ್ಸಿ, ಕಾಯಿ ತುರಿಯುವ ಮೋಟಾರು, ಬೀದಿಯಲ್ಲಿ ನಿಂತ ಸ್ಕೂಟರ್, ಒಂದೊಂದನ್ನೂ ಚಾಲೂ ಮಾಡಿಸಿ ಕತ್ತು ಓರೆ ಮಾಡಿ ಸದ್ದು ಕೇಳುತ್ತಿದ್ದರು. ಸದ್ದು ಸರಿಯಾಗಿ ಬಂದದ್ದಕ್ಕೆ ಮಾರನೆಯ ದಿನ ಗಂಧ, ಕುಂಕುಮ, ಹೂವು. ಬಾರದ್ದಕ್ಕೆ ಒಂದು ಎಸಳೂ ಇಲ್ಲ. ಒಂದು ವರ್ಷ ಅವರದೇ ಸ್ಕೂಟರ್ ಕೈಕೊಟ್ಟಿತು. ಬೀದಿಯ ಆಟೋಗಳೆಲ್ಲ ಬಾಳೆಕಂದು ಕಟ್ಟಿಸಿಕೊಂಡು ಮದುಮಗನ ಹಾಗೆ ನಿಂತಿದ್ದರೆ ಅದೊಂದು ಬೋಳು ಮುಖದಲ್ಲಿ ನಿಂತಿತ್ತು. ಅಪ್ಪಯ್ಯ ಅದರ ಪಕ್ಕದಲ್ಲೇ ಹಾದುಹೋದರು, ತಿರುಗಿಯೂ ನೋಡಲಿಲ್ಲ.

ಮೆಸ್ಸಿನ ಮೇಲಿನ ಕೋಣೆಯಲ್ಲಿದ್ದ ನನ್ನ ಯಂತ್ರಕ್ಕೆ ಮೂರು ವರ್ಷ ಬೊಟ್ಟು ಬಿದ್ದಿರಲಿಲ್ಲ.

ಯಂತ್ರ ಅಂದರೆ ಸಿಎನ್‌ಸಿ. ಕಂಪ್ಯೂಟರಿನಲ್ಲಿ ಬರೆದ ನಕ್ಷೆಯನ್ನು ನೋಡಿಕೊಂಡು ಹಲಗೆಯನ್ನು ತಾನೇ ಕೊರೆಯುವ ಯಂತ್ರ. ನಾನು ಅಂಬತ್ತೂರಿನ ಕಡೆ ಯಂತ್ರಗಳ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಇದ್ದೆ ಅಂದರೆ ನಾಲ್ಕು ಕಡೆ ಇದ್ದೆ. ನಾಲ್ಕೂ ಕಡೆ ಜಗಳವಾಡಿ ಬಿಟ್ಟೆ. ಬರೆಯುವುದು ಇಲ್ಲಿ, ಅದು ತಯಾರಾಗುವುದು ಇನ್ನೆಲ್ಲೋ. ನಾನು ಎಳೆದ ಗೆರೆ ನನ್ನ ಕಣ್ಣೆದುರೇ ಹಲಗೆಯಲ್ಲಿ ಮೂಡಬೇಕು ಎಂಬ ಹುಚ್ಚಿನಿಂದ ಈ ಯಂತ್ರ ಶುರುವಾಯಿತು. ಶುರುಮಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಆ ಕೋಣೆಯಲ್ಲಿ ಅರ್ಧ ಬಿಚ್ಚಿದ ಹಾರ್ಮೋನಿಯಂ ಇತ್ತು, ಒಂದೇ ತೋಳಿನ ಸ್ವೆಟರ್ ಇತ್ತು (ಚೆನ್ನೈಯಲ್ಲಿ ಸ್ವೆಟರ್ ಹೆಣೆಯಲು ಕೂತವಳ ಬುದ್ಧಿಗೆ ಏನು ಹೇಳಬೇಕು), ಅಂಚೆಯಲ್ಲಿ ಕಲಿಯಲು ಹೊರಟ ಮೂರು ಕೋರ್ಸುಗಳ ಪುಸ್ತಕ ಇತ್ತು. ನನ್ನ ಮದುವೆಯೂ ಆ ಸಾಲಿಗೇ ಸೇರುತ್ತದೆ, ಅದರ ಮಾತು ಇಲ್ಲಿ ಬೇಡ. ಅಪ್ಪಯ್ಯ ಆ ಕೋಣೆಯನ್ನು ‘ಅರ್ಧದಂಗಡಿ’ ಎಂದು ಕರೆಯುತ್ತಿದ್ದರು. ಯಾರಾದರೂ ನನ್ನನ್ನು ಕೇಳಿಕೊಂಡು ಬಂದರೆ, ಅರ್ಧದಂಗಡಿಯಲ್ಲಿ ಇದ್ದಾಳೆ, ಮೆಟ್ಟಿಲು ಮಾತ್ರ ಪೂರ್ತಿ ಇದೆ, ಹತ್ತಿ ಎನ್ನುತ್ತಿದ್ದರು. ನಗುತ್ತಲೇ ಹೇಳುತ್ತಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು, ಯಾಕೆಂದರೆ ಅವರು ಹೇಳಿದ್ದು ನಿಜ.

ಆ ವರ್ಷ ನಾನು ಒಳಗೊಳಗೇ ಹಟ ತೊಟ್ಟೆ. ಈ ಸಲ ನನ್ನ ಯಂತ್ರಕ್ಕೆ ಅಪ್ಪಯ್ಯನ ಕೈಯಿಂದ ಬೊಟ್ಟು ಇಡಿಸಬೇಕು. ನಲವತ್ತಮೂರು ವರ್ಷದ ಹೆಂಗಸಿಗೆ ಇದೊಂದು ಆಸೆಯೇ ಎಂದು ನಗುವವರು ನಗಲಿ. ನನಗೆ ಬೇಕಿತ್ತು, ಅಷ್ಟೆ.

ಯಂತ್ರದ ಚೌಕಟ್ಟು ಸಿದ್ಧವಾಗಿತ್ತು. ಮಣಲಿ ಕಡೆಯ ಯಾವುದೋ ಕಾರ್ಖಾನೆಯಿಂದ ಗುಜರಿಗೆ ಬಂದಿದ್ದ ಮೂರು ಹಳೆಯ ಸರ್ವೋ ಮೋಟಾರುಗಳೂ ಇದ್ದವು. ಅವನ್ನು ಆಳುವ ಮೂರು ಡ್ರೈವ್‌ಗಳೂ ಬಂದಿದ್ದವು. ಇಲ್ಲದ್ದು ಅವಕ್ಕೆ ಹಾಕುವ ಊಟ. ಗೋಡೆಯಿಂದ ಬರುವ ಕರೆಂಟು ಅವುಗಳಿಗೆ ಆಗಿಬರುವುದಿಲ್ಲ. ಸುಮಾರು ಎಪ್ಪತ್ತು ವೋಲ್ಟಿನ ಡಿಸಿ ಬೇಕು. ಎಂಬತ್ತು ದಾಟಿದರೆ ಡ್ರೈವ್‌ಗಳು ಸುಟ್ಟವು ಎಂದೇ ಲೆಕ್ಕ. ಅಂಥ ಪವರ್ ಸಪ್ಲೈ ನಾನೇ ಕಟ್ಟಬೇಕಿತ್ತು. ಕೇಳಲಿಕ್ಕೆ ಸುಲಭ. ವೋಲ್ಟೇಜು ಇಳಿಸಲು ಒಂದು ಟ್ರಾನ್ಸ್‌ಫಾರ್ಮರ್, ಎಸಿಯನ್ನು ಡಿಸಿ ಮಾಡಲು ಒಂದು ಬ್ರಿಜ್, ಬಂದದ್ದನ್ನು ತುಂಬಿಟ್ಟುಕೊಂಡು ಸಮವಾಗಿ ಬಡಿಸಲು ಎರಡು ದೊಡ್ಡ ಕೆಪಾಸಿಟರ್. ಕಾಫಿಪುಡಿಯ ಡಬ್ಬಿಯಷ್ಟು ದಪ್ಪದವು, ನೆತ್ತಿಯ ಮೇಲೆ ಎರಡೆರಡು ಸ್ಕ್ರೂ.

ಟ್ರಾನ್ಸ್‌ಫಾರ್ಮರ್ ಸುತ್ತಿಸಲು ಪ್ಯಾರೀಸ್ ಕಾರ್ನರಿನ ಹಿಂದಿನ ಒಂದು ಓಣಿಗೆ ಹೋದೆ. ಕೈಯಲ್ಲೇ ತಂತಿ ಸುತ್ತುವ ಒಬ್ಬ ಮುದುಕರು ಅಲ್ಲಿದ್ದರು. ನನಗೋ ಕಾಲು ನಿಲ್ಲದು. ಎಪ್ಪತ್ತು ವೋಲ್ಟು ಬರಬೇಕು, ಬೇಗ ಬೇಕು ಎಂದು ತಮಿಳಿನಲ್ಲಿ ಒದರಿ, ಅವರು ಇನ್ನೇನೋ ಕೇಳುವಷ್ಟರಲ್ಲಿ ಬಸ್ಸು ಹಿಡಿದೆ. ಬಸ್ಸು ಸೆಂಟ್ರಲ್ ದಾಟುವಾಗ ತಲೆಗೆ ಹೊಳೆಯಿತು. ಎಸಿ ಎಪ್ಪತ್ತು ಸುತ್ತಿಸಿದರೆ ಕೆಪಾಸಿಟರಿನಲ್ಲಿ ನಿಲ್ಲುವುದು ನೂರರ ಹತ್ತಿರ. ಹತ್ತನೇ ತರಗತಿಯ ಮಕ್ಕಳಿಗೂ ಹೇಳಿಕೊಡಬಲ್ಲ ಲೆಕ್ಕವನ್ನು ಅವಸರದಲ್ಲಿ ಮರೆತಿದ್ದೆ. ಇಳಿದು ಎದುರಿನ ಬಸ್ಸು ಹತ್ತಿ ಓಡಿದೆ. ಮುದುಕರು ಟೀ ಕುಡಿಯುತ್ತ ಕೂತಿದ್ದರು, ತಂತಿ ಮುಟ್ಟಿಯೇ ಇರಲಿಲ್ಲ. ನೀವು ವಾಪಸು ಬರುತ್ತೀರಿ ಎಂದು ಗೊತ್ತಿತ್ತು, ಅದಕ್ಕೇ ಕಾದೆ ಎಂದರು. ನಲವತ್ತೆಂಟು ಎಂದೆ. ಅವರು ಅದನ್ನು ಆಗಲೇ ಒಂದು ಚೀಟಿಯಲ್ಲಿ ಬರೆದಿಟ್ಟಿದ್ದರು.

ಆ ನಾಚಿಕೆ ಒಂದು ವಾರ ಇತ್ತು. ಒಂದು ವಾರಕ್ಕಿಂತ ಹೆಚ್ಚು ನನ್ನಲ್ಲಿ ಯಾವುದೂ ಉಳಿಯುವುದಿಲ್ಲ.

ಪೂಜೆಯ ಹಿಂದಿನ ದಿನ ಬೆಳಿಗ್ಗೆ ಪವರ್ ಸಪ್ಲೈ ಹೆಚ್ಚುಕಡಿಮೆ ಮುಗಿದಿತ್ತು. ಉಳಿದದ್ದು ಎರಡು. ಒಂದು, ಕೆಪಾಸಿಟರುಗಳ ಮೇಲೆ ಮುಚ್ಚುವ ಅಕ್ರಿಲಿಕ್ ತಟ್ಟೆ. ಇನ್ನೊಂದು ಬ್ಲೀಡರ್ ರೆಸಿಸ್ಟರ್, ಕಿರುಬೆರಳಿನಷ್ಟು ಉದ್ದದ ಬಿಳಿಯ ಪಿಂಗಾಣಿ ತುಂಡು. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರಿನ ಹೊಟ್ಟೆಯಲ್ಲಿ ಕರೆಂಟು ಉಳಿದಿರುತ್ತದೆ. ಅದನ್ನು ಮೆಲ್ಲಗೆ ಸೋರಿಸಿ ಖಾಲಿ ಮಾಡುವುದೊಂದೇ ಅದರ ಕೆಲಸ. ಯಂತ್ರ ಓಡಲಿಕ್ಕೆ ಅದು ಬೇಕಿಲ್ಲ, ನಿಂತ ಮೇಲೆ ಬೇಕು. ಅದನ್ನು ಸ್ಕ್ರೂಗೆ ಕಟ್ಟಲು ಎರಡು ಲಗ್ ಬೇಕಿತ್ತು, ವಯರಿನ ತುದಿಗೆ ಹಾಕುವ ತಾಮ್ರದ ಬಳೆ. ನನ್ನ ಡಬ್ಬಿಯಲ್ಲಿ ಮುಗಿದಿದ್ದವು. ಎಲೆಕ್ಟ್ರಾನಿಕ್ಸ್ ಅಂಗಡಿಗಳ ರಿಚಿ ಸ್ಟ್ರೀಟಿಗೆ ಹೋಗಿ ಬಂದರೆ ಒಂದು ಗಂಟೆ. ಮೋಟಾರುಗಳು ಎದುರಿಗೇ ಕೂತಿದ್ದವು. ಒಂದು ಗಂಟೆ ಕಾಯುವುದು ನನ್ನಿಂದಾಗಲಿಲ್ಲ. ರೆಸಿಸ್ಟರನ್ನು ಮೇಜಿನ ಮೇಲೆ ಪೆನ್ನಿನ ಡಬ್ಬಿಗೆ ಹಾಕಿ, ಹಬ್ಬ ಕಳೆದ ಮೇಲೆ ನೋಡೋಣ ಎಂದುಕೊಂಡು ಸ್ವಿಚ್ ಒತ್ತಿದೆ.

ಓಡಿತು. ಮೊದಲನೆಯ ಸಲವೇ ಓಡಿತು. ನಾನು ಮೆಟ್ಟಿಲ ಬಾಯಿಯಿಂದ ಅಪ್ಪಯ್ಯನನ್ನು ಕೂಗಿದೆ.

ಅವರಿಗೆ ಮೊಣಕಾಲು ನೋವು. ಇಪ್ಪತ್ತೆರಡು ಮೆಟ್ಟಿಲು ಹತ್ತಲು ಸಾಕಷ್ಟು ಹೊತ್ತು ಹಿಡಿಯಿತು. ಸ್ಟೂಲಿನ ಮೇಲೆ ಕೂತು ಬೆವರು ಒರೆಸಿಕೊಂಡರು. ನಾನು ಗುಂಡಿ ಒತ್ತಿದೆ. ಯಂತ್ರ ಈ ತುದಿಯಿಂದ ಆ ತುದಿಗೆ ಗುಂಯ್ ಎಂದು ಹೋಗಿ ಬಂತು. ಗ್ರೈಂಡರಿನ ಸದ್ದು ಕೇಳುವ ಹಾಗೆಯೇ ಅವರು ಕತ್ತು ಓರೆ ಮಾಡಿ ಕೇಳಿದರು. ಇನ್ನೊಂದು ಸಲ ಎಂದರು. ಮತ್ತೆ ಓಡಿಸಿದೆ. ನಿಲ್ಲಿಸು ಎಂದರು. ಕೆಂಪು ಗುಂಡಿ ಒತ್ತಿದೆ, ನಿಂತಿತು. ಆಮೇಲೆ ಅವರು ಅಡುಗೆಮನೆಯ ಯಾವ ಯಂತ್ರದ ಬಗ್ಗೆಯೂ ಕೇಳದ ಒಂದು ಪ್ರಶ್ನೆ ಕೇಳಿದರು.

“ನಿಲ್ಸಿದ್ ಮೇಲೆ ಮುಟ್ಟುಕೆ ಅಕ್ಕಾ?”

ಮುಟ್ಟಬಹುದೇ ಎಂಬುದಕ್ಕೆ ನಮ್ಮ ಕುಂದಾಪುರ ಕಡೆಯ ಮಾತು ಅದು. ಐವತ್ತು ವರ್ಷ ಚೆನ್ನೈಯಲ್ಲಿದ್ದು, ಕೆಲಸದವರ ಹತ್ತಿರ ದಿನವಿಡೀ ತಮಿಳು ಮಾತಾಡಿದರೂ, ನನ್ನ ಹತ್ತಿರ ಅವರು ಊರಿನ ಮಾತನ್ನೇ ಆಡುತ್ತಿದ್ದರು.

“ಅಕ್ಕ್ ಅಪ್ಪಯ್ಯ” ಎಂದೆ.

ಆ ಹೊತ್ತಿಗೆ ಅದು ಸುಳ್ಳಲ್ಲ. ಡ್ರೈವ್‌ಗಳ ಪ್ಲಗ್ ಸಿಕ್ಕಿಸಿಯೇ ಇತ್ತು, ಸ್ವಿಚ್ ಆರಿಸಿದೊಡನೆ ಉಳಿದ ಕರೆಂಟನ್ನು ಅವೇ ಕುಡಿದು ಮುಗಿಸಿದ್ದವು. ಅಪ್ಪಯ್ಯ ತಲೆಯಾಡಿಸಿ, ನಾಳೆ ಬರುತ್ತೇನೆ ಎಂದು ಇಳಿದುಹೋದರು. ನಾನು ಕೋಣೆಯೊಳಗೆ ಸುಮ್ಮನೆ ಅತ್ತಿಂದಿತ್ತ ಓಡಾಡಿದೆ. ಖುಷಿಯಾದಾಗಲೂ ನನಗೆ ಕೂರಲಿಕ್ಕೆ ಬರುವುದಿಲ್ಲ.

ಮಾರನೆಯ ಬೆಳಿಗ್ಗೆ ಎದ್ದವಳಿಗೆ ಮತ್ತೆ ಕಳವಳ. ರಾತ್ರಿಯಿಡೀ ಏನೂ ಆಗಿರಲಾರದು, ಆದರೂ ಒಮ್ಮೆ ನೋಡಿಬಿಡೋಣ ಅನ್ನಿಸಿತು. ಹಬ್ಬದ ದಿನ ಡ್ರೈವ್‌ಗಳಿಗೆ ಏನಾದರೂ ಆದೀತೆಂದು ಅವುಗಳ ಪ್ಲಗ್ ಕಳಚಿಟ್ಟು ಪವರ್ ಸಪ್ಲೈ ಒಂದನ್ನೇ ಚಾಲೂ ಮಾಡಿ ಮೀಟರ್ ಹಿಡಿದೆ. ಎಪ್ಪತ್ತೊಂದು ವೋಲ್ಟು. ಸಮಾಧಾನವಾಯಿತು. ಸ್ವಿಚ್ ಆರಿಸಿದೆ. ಗೋಡೆಯ ಪ್ಲಗ್ ಕಿತ್ತು, ವಯರನ್ನು ಅಚ್ಚುಕಟ್ಟಾಗಿ ಸುತ್ತಿ, ಕರೆಂಟಿಲ್ಲ ಎಂದು ಅಪ್ಪಯ್ಯನಿಗೆ ಕಾಣುವ ಹಾಗೆ ಮೇಜಿನ ಮೇಲಿಟ್ಟೆ. ಎಷ್ಟು ಜಾಗ್ರತೆ ನನ್ನದು ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡು ಸ್ನಾನಕ್ಕೆ ಇಳಿದೆ. ಡ್ರೈವ್‌ಗಳನ್ನು ಕಳಚಿದ ಮೇಲೆ ಆ ಎಪ್ಪತ್ತೊಂದು ವೋಲ್ಟಿಗೆ ಹೋಗಲು ದಾರಿಯೇ ಇಲ್ಲ, ಅದು ಅಲ್ಲೇ ಕೂತಿರುತ್ತದೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಬಚ್ಚಲಲ್ಲಿದ್ದಾಗ ಫಟ್ ಎಂದು ಒಂದು ಸದ್ದು ಕೇಳಿತು. ಬೀದಿಯಲ್ಲಿ ಬೆಳಗಿನಿಂದ ಅಂಗಡಿಗೊಂದು ಬೂದುಗುಂಬಳ ಒಡೆಯುತ್ತಿದ್ದರು, ಮಕ್ಕಳು ಪಟಾಕಿ ಹೊಡೆಯುತ್ತಿದ್ದರು. ಅದೇ ಇರಬೇಕು ಎಂದುಕೊಂಡು ತಲೆಗೆ ಇನ್ನೊಂದು ಚೊಂಬು ಸುರಿದುಕೊಂಡೆ.

ತಲೆ ಒರೆಸುತ್ತ ಮೇಲೆ ಹೋದರೆ ಪೂಜೆ ಆಗಿಹೋಗಿತ್ತು. ಕೆಳಗಿನ ಗ್ರೈಂಡರಿಗೂ ಇನ್ನೂ ಆಗಿರಲಿಲ್ಲ, ನನ್ನ ಯಂತ್ರಕ್ಕೆ ಆಗಿತ್ತು. ಮೋಟಾರುಗಳ ಮೇಲೆ ಒಂದೊಂದು ಬೊಟ್ಟು, ಚೌಕಟ್ಟಿಗೆ ಸೇವಂತಿಗೆ, ಎರಡು ಕೆಪಾಸಿಟರುಗಳ ನೆತ್ತಿಯ ಮೇಲೂ ಗಂಧ. ಮೊದಲನೆಯದರ ಬೊಟ್ಟು ದುಂಡಗೆ, ನಡುವೆ ಕುಂಕುಮ. ಎರಡನೆಯದರದ್ದು ಮಾತ್ರ ಪಕ್ಕಕ್ಕೆ ಉದ್ದಕ್ಕೆ ಎಳೆದುಹೋಗಿತ್ತು, ಕುಂಕುಮವೂ ಇರಲಿಲ್ಲ. ವಯಸ್ಸಾಯಿತು, ಅಪ್ಪಯ್ಯನ ಕೈ ನಡುಗುತ್ತದೆ ಎಂದುಕೊಂಡೆ. ಕಣ್ಣು ತುಂಬಿ ಬಂತು. ಮೂರು ವರ್ಷದ ಮೇಲೆ ಬಿದ್ದ ಬೊಟ್ಟು, ವಕ್ರವಾದರೇನು.

ಆ ಮಧ್ಯಾಹ್ನ ಹಬ್ಬದೂಟಕ್ಕೆ ಅಪ್ಪಯ್ಯ ಪಾಯಸವನ್ನು ಎಡಗೈಯಲ್ಲಿ ಬಡಿಸಿದರು. ಐವತ್ತು ವರ್ಷ ಜನರಿಗೆ ಅನ್ನ ಹಾಕಿದ ಮನುಷ್ಯ, ಎಡಗೈಯಲ್ಲಿ ನೀರು ಕೊಟ್ಟ ಸಪ್ಲೈಯರಿಗೆ ಎಲ್ಲರೆದುರು ಬೈಯುವವರು. ಕೆಲಸದವರು ಮುಖ ಮುಖ ನೋಡಿಕೊಂಡರು. ನಾನು ಮಾತ್ರ, ಏನು ಅಪ್ಪಯ್ಯ, ನಿಮ್ಮ ಕಾನೂನು ನಿಮಗಿಲ್ಲವಾ ಎಂದು ಕೆಣಕಿದೆ. ಬಲಗೈ ಉಳುಕಿದೆ ಎಂದರು. ನನಗೆ ಮೇಲೆ ಹೋಗುವ ಆತುರ. ಕೈ ತೋರಿಸಿ ಎಂದು ಕೇಳಲೂ ಇಲ್ಲ.

ವಿಜಯದಶಮಿಯ ಬೆಳಿಗ್ಗೆ ಮೀಟರ್ ಹಿಡಿದರೆ ಕೆಪಾಸಿಟರಿನಲ್ಲಿ ಸೊನ್ನೆ. ನೋಡಿ, ರೆಸಿಸ್ಟರ್ ಇಲ್ಲದಿದ್ದರೂ ತಾನಾಗಿಯೇ ಖಾಲಿಯಾಗಿದೆ ಎಂದು ಹಿಗ್ಗಿದೆ. ಆ ಬಿಳಿಯ ತುಂಡು ಪೆನ್ನಿನ ಡಬ್ಬಿಯಲ್ಲೇ ಉಳಿಯಿತು. ಮುಂದಿನ ಎರಡು ಮೂರು ವಾರ ಯಂತ್ರ ಹಾಗೆಯೇ ಓಡಿತು. ಹಲಗೆಯ ಮೇಲೆ ‘ಊಟ ತಯಾರಿದೆ’ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಕೊರೆದು ಮೆಸ್ಸಿನ ಬಾಗಿಲಿಗೆ ತೂಗುಹಾಕಿದೆ. ಅಪ್ಪಯ್ಯ ಅದನ್ನು ದಿನಾ ಹನ್ನೊಂದು ಗಂಟೆಗೆ ತಾವೇ ತಿರುಗಿಸಿಡುತ್ತಿದ್ದರು. ಎಡಗೈಯಲ್ಲೇ.

ದೀಪಾವಳಿಗೆ ಮುಂಚೆ ದೇವರ ಪಾತ್ರೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುವ ಕೆಲಸ ನನ್ನದು, ಅಮ್ಮ ಹೋದ ಮೇಲೆ. ಅಮ್ಮನ ಬೆಳ್ಳಿಯ ಗಂಧದ ಬಟ್ಟಲು ಕಾಣಲಿಲ್ಲ. ಕೇಳಿದರೆ, ಎಲ್ಲೋ ತೆಗೆದಿಟ್ಟಿದ್ದೇನೆ, ಹಿತ್ತಾಳೆಯದೇ ಸಾಕು ಎಂದರು. ಸಾಕು ಎಂದರೆ ಬಿಡುವವಳಾ ನಾನು? ದೇವರ ಗೂಡನ್ನೆಲ್ಲ ಕೆದರಿದೆ. ಗೂಡಿನ ಹಿಂದೆ, ಹಳೆಯ ಪಂಚಾಂಗಗಳ ಅಡಿಯಲ್ಲಿ, ತಮಿಳು ಪೇಪರಿನಲ್ಲಿ ಸುತ್ತಿದ ಬಟ್ಟಲು ಸಿಕ್ಕಿತು.

ಅದರ ಅಂಚಿನಲ್ಲಿ ಎರಡು ಕಡೆ ಕಚ್ಚಿದ ಹಾಗೆ ಆಗಿತ್ತು. ಕಚ್ಚಿದಲ್ಲಿ ಕಪ್ಪು, ಬೆಳ್ಳಿ ಕರಗಿ ಸಾಸಿವೆಯಷ್ಟು ಗುಂಡಾಗಿ ನಿಂತಿತ್ತು. ಪಾತ್ರೆ ಬಿದ್ದರೆ ನಗ್ಗುತ್ತದೆ, ಹೀಗೆ ಕರಗುವುದಿಲ್ಲ. ಹೀಗೆ ಕರಗುವುದು ಏತರಿಂದ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಮೆಟ್ಟಿಲು ಹತ್ತಿದೆ. ಎರಡನೆಯ ಕೆಪಾಸಿಟರಿನ ನೆತ್ತಿಗೆ ಬಟ್ಟಲಿನ ಅಂಚನ್ನು ಹಿಡಿದೆ. ಎರಡು ಕಚ್ಚೂ ಎರಡು ಸ್ಕ್ರೂಗಳ ಮೇಲೆ ಸರಿಯಾಗಿ ಕೂತವು. ಸ್ಕ್ರೂಗಳ ತಲೆಯ ಮೇಲೂ ಕಪ್ಪು ಚುಕ್ಕೆಗಳಿದ್ದವು. ಇಷ್ಟು ದಿನ ಅದು ಒಣಗಿದ ಗಂಧ ಎಂದುಕೊಂಡಿದ್ದೆ.

ಬೊಟ್ಟು ಇಡಲು ಅಪ್ಪಯ್ಯ ಒದ್ದೆ ಬೆರಳು ಇಟ್ಟಿದ್ದಾರೆ. ಮೊದಲನೆಯದರಲ್ಲಿ ಸ್ಕ್ರೂಗಳ ನಡುವೆ ಬಿದ್ದು ಬಚಾವಾಗಿದ್ದಾರೆ. ಎರಡನೆಯದರಲ್ಲಿ ಎರಡನ್ನೂ ಮುಟ್ಟಿಬಿಟ್ಟಿದ್ದಾರೆ. ಕೈ ಜಾಡಿಸಿದಾಗ ಎಡಗೈಯ ಬಟ್ಟಲು ಸ್ಕ್ರೂಗಳ ಮೇಲೆ ಬಿದ್ದು, ಉಳಿದದ್ದೆಲ್ಲ ಅದರ ಮೂಲಕ ಒಮ್ಮೆಗೇ ಸಿಡಿದಿದೆ. ಸೊನ್ನೆ ತಾನಾಗಿ ಬಂದದ್ದಲ್ಲ. ಅವರ ಇನ್ನೊಂದು ಕೈ ಯಂತ್ರದ ಕಬ್ಬಿಣದ ಮೇಲೆ ಇದ್ದಿದ್ದರೆ ಕರೆಂಟು ಎದೆಯನ್ನೇ ದಾಟಿ ಹೋಗುತ್ತಿತ್ತು. ಎಪ್ಪತ್ತೆಂಟು ವರ್ಷದ ಎದೆ, ಬೆಳಿಗ್ಗೆ ಒಂದು ಸಂಜೆ ಒಂದು ಮಾತ್ರೆ ನುಂಗುವ ಎದೆ. ನನ್ನ ಮೇಲೆ ನನಗೆ ಹೇಸಿಗೆಯಾಯಿತು. ಒಂದು ಗಂಟೆ ಉಳಿಸಲಿಕ್ಕೆ ಹೋಗಿ ನಾನು ಅಪ್ಪನನ್ನು ಕೊಲ್ಲುವವಳಿದ್ದೆ.

ಬಟ್ಟಲು ಹಿಡಿದುಕೊಂಡು ಕೆಳಗೆ ಬಂದೆ. ಅಪ್ಪಯ್ಯ ಕಿಟಕಿಯ ಹತ್ತಿರ ಬೀನ್ಸಿನ ನಾರು ತೆಗೆಯುತ್ತಿದ್ದರು. ಬಟ್ಟಲನ್ನು ಅವರ ಮುಂದಿಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಮತ್ತೆ ಬೀನ್ಸಿಗೆ ಕೈ ಹಾಕಿದರು. ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳಿದೆ ಏನು, ಬೈದೆ. ನನ್ನ ತಪ್ಪಿಗೆ ಅವರನ್ನು ಬೈದೆ. ಅವರು ಕೈಯಲ್ಲಿದ್ದ ಒಂದು ಹಿಡಿ ಬೀನ್ಸಿನ ನಾರು ತೆಗೆದು ಮುಗಿಸಿದರು.

“ಅವತ್ತೇ ಹೇಳಿದ್ರೆ ನೀನ್ ಮತ್ತೆ ಅದ್ರ ಹತ್ರ ಹೋತಿದ್ಯಾ?” ಎಂದರು. “ಅದೂ ಅರ್ಧಕ್ಕೆ ನಿಂತ್ಕಂತಿತ್ತ್.”

ಹೌದು, ಅವತ್ತೇ ಹೇಳಿದ್ದರೆ ನಾನು ಅದನ್ನು ಬಿಚ್ಚಿ ಗುಜರಿಗೆ ಹಾಕಿರುತ್ತಿದ್ದೆ. ಸಿಟ್ಟಿನಲ್ಲಿ, ಅಳುತ್ತ, ಒಂದೇ ದಿನದಲ್ಲಿ. ನನ್ನನ್ನು ಅವರು ಅಷ್ಟು ಬಲ್ಲರು. ಎಲ್ಲಕ್ಕಿಂತ ಮೊದಲು ಅದಕ್ಕೇ ಯಾಕೆ ಪೂಜೆ ಮಾಡಿದಿರಿ ಎಂದಷ್ಟೇ ಕೇಳಿದೆ. ನಾನು ಬರುವವರೆಗೆ ಕಾದಿದ್ದರೆ ಆಗುತ್ತಿರಲಿಲ್ಲವೇ?

“ಮೂರ್ ವರ್ಷ ಕಾದದ್ದಲ್ದಾ ಮಗಾ ಅದ್” ಎಂದರು.

ಬಲಗೈಯನ್ನು ಎಳೆದು ನೋಡಿದೆ. ಕಾವಲಿಯ ಮೇಲಿನ ದೋಸೆಯನ್ನು ಬರಿಗೈಯಲ್ಲೇ ಎಬ್ಬಿಸಿ ಎಬ್ಬಿಸಿ ಬೆರಳ ತುದಿಗಳು ಚರ್ಮದ ಚಪ್ಪಲಿಯ ಹಾಗೆ ದಪ್ಪವಾಗಿದ್ದವು. ಅಂಥ ಎರಡು ಬೆರಳ ಮೇಲೆ ಬಿಳಿಯ ಕಲೆ. ಜಾಡಿಸಿದ ರಭಸಕ್ಕೆ ಮಣಿಕಟ್ಟು ಉಳುಕಿದ್ದು ಸುಳ್ಳಾಗಿರಲಿಲ್ಲ. ಆವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಎದೆ ಸರಿಯಾಗಿದೆ, ಮಣಿಕಟ್ಟಿಗೆ ಒಂದು ಪಟ್ಟಿ ಸಾಕು ಎಂದರು. ಬರುವಾಗ ಅಪ್ಪಯ್ಯನನ್ನು ಆಟೋದಲ್ಲೇ ಕೂರಿಸಿ ರಿಚಿ ಸ್ಟ್ರೀಟಿನಲ್ಲಿ ಇಳಿದು ಎರಡು ಲಗ್ ತಂದೆ.

ಮಾರನೆಯ ದಿನ ರೆಸಿಸ್ಟರ್ ಕೂರಿಸಿದೆ. ಮುಚ್ಚುವ ತಟ್ಟೆಯನ್ನೂ ಕತ್ತರಿಸಿ ತೂತು ಹಾಕಿ ಸಿದ್ಧಮಾಡಿದೆ. ಅದನ್ನು ಮುಚ್ಚುವ ಮೊದಲು ಅಪ್ಪಯ್ಯನನ್ನು ಮೇಲೆ ಕರೆದೆ. ಗಂಧ ತೇದುಕೊಂಡು ಬನ್ನಿ, ಅದೇ ಬಟ್ಟಲಲ್ಲಿ ತನ್ನಿ ಎಂದೆ. ಅವರು ನಿಧಾನವಾಗಿ ಹತ್ತಿ ಬಂದು ಸ್ಟೂಲಿನ ಮೇಲೆ ಕೂತರು. ಡ್ರೈವ್‌ಗಳ ಪ್ಲಗ್ ಕಳಚಿದೆ, ಆ ದಿನದ ಹಾಗೆಯೇ. ಚಾಲೂ ಮಾಡಿದೆ, ಎಪ್ಪತ್ತೊಂದು ಬಂತು. ಆರಿಸಿ, ಗೋಡೆಯ ಪ್ಲಗ್ ಕಿತ್ತು, ಮೀಟರನ್ನು ಅವರಿಗೂ ಕಾಣುವಂತೆ ಹಿಡಿದೆ. ಅರವತ್ತು. ಐವತ್ತು. ನಲವತ್ತು ದಾಟಿದ ಮೇಲೆ ಇಳಿಯುವುದು ಇನ್ನೂ ನಿಧಾನ. ಪೂರ್ತಿ ಖಾಲಿಯಾಗಲು ಮೂರು ನಿಮಿಷಕ್ಕಿಂತ ಹೆಚ್ಚು ಬೇಕು. ನನ್ನ ಜೀವನದಲ್ಲಿ ಒಂದೇ ಕಡೆ ನಿಂತು, ಕಾಲು ಕುಣಿಸದೆ, ಅಷ್ಟು ಹೊತ್ತು ಏನನ್ನಾದರೂ ನೋಡಿದ್ದು ನೆನಪಿಲ್ಲ. ಕೆಳಗೆ ಒಗ್ಗರಣೆಯ ಸದ್ದು, ಬೀದಿಯಲ್ಲಿ ಹಾರನ್ನು. ಹನ್ನೆರಡು. ಆರು. ಎರಡು. ಅಪ್ಪಯ್ಯ ನನ್ನ ಜೊತೆ ಕಾದರು. ಕೊನೆಗೆ ಸೊನ್ನೆ ಬಂತು. ನಂಬಿಕೆ ಬರಲಿಲ್ಲ, ಇನ್ನೊಂದು ಸಲ ಮೀಟರ್ ಹಿಡಿದೆ.

ಅಪ್ಪಯ್ಯ ಬಟ್ಟಲಿಗೆ ಬೆರಳದ್ದಿ ಎದ್ದು ನಿಂತರು. ಕೈ ಮುಂದೆ ಬಂತು, ಕೆಪಾಸಿಟರಿನಿಂದ ಒಂದು ಗೇಣು ದೂರದಲ್ಲಿ ನಿಂತಿತು. ತಮ್ಮ ಅಡುಗೆಮನೆಯಲ್ಲಿ ಯಾರನ್ನೂ ಏನನ್ನೂ ಕೇಳಿ ಮುಟ್ಟಿದವರಲ್ಲ ಅವರು.

“ಈಗ ಮುಟ್ಟುಕೆ ಅಕ್ಕಾ?” ಎಂದರು.

ಈ ಸಲ ನಾನು ಅಕ್ಕ್ ಎನ್ನಲಿಲ್ಲ. ಬಟ್ಟಲಿನ ಗಂಧದಲ್ಲಿ ನನ್ನ ಎರಡು ಬೆರಳನ್ನು ಅದ್ದಿ, ಎರಡು ಸ್ಕ್ರೂಗಳ ಮೇಲೆ ಒಟ್ಟಿಗೆ ಇಟ್ಟೆ. ತಣ್ಣಗಿತ್ತು. ಹತ್ತರವರೆಗೆ ಎಣಿಸಿ ಬೆರಳು ತೆಗೆದೆ, ಆಮೇಲೆ ಅಪ್ಪಯ್ಯ ಬೊಟ್ಟಿಟ್ಟರು.